ಖಾಲಿ ಹೊಟ್ಟೆಗೆ ಒಂದು ಮಾತ್ರೆ

ಜುಲೈ 3, ಬುಧವಾರ

ಈ ಡೈರಿಯನ್ನು ಮಸಾಲೆ ಪುಡಿಯ ಏಜೆಂಟ ಜನವರಿಯಲ್ಲಿ ಕೊಟ್ಟಿದ್ದ. ಪ್ರತಿ ವರ್ಷ ಕೊಡುತ್ತಾನೆ, ಪ್ರತಿ ವರ್ಷ ನಾನು ಅದನ್ನು ನಮ್ಮ ಹೋಟೆಲಿನ ಅಡುಗೆಯ ಮಾರ್ತಾಂಡನಿಗೆ ದಾಟಿಸುತ್ತೇನೆ. ಈ ಸಲ ನಾನೇ ಇಟ್ಟುಕೊಂಡೆ. ಆಸ್ಪತ್ರೆಯ ವರಾಂಡದಲ್ಲಿ ಬೈಯಲು ಯಾರೂ ಸಿಗುವುದಿಲ್ಲ. ಬೈಯದೆ ಸುಮ್ಮನೆ ಕೂತರೆ ನನಗೆ ಎದೆ ಕಟ್ಟಿದ ಹಾಗಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ರಕ್ಷಿತ ನಮ್ಮ ಒಬ್ಬಳೇ ಮಗಳು. ನಾವಿರುವ ಈ ಮರಾಠಿ ಊರಿನ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಲ್ಲಿ ತಯಾರಾಗುವ ಬಿಡಿಭಾಗಗಳಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅದಕ್ಕೆ ನನಗೆ ಸಂಬಳ ಕೊಡುತ್ತಾರೆ ಅಪ್ಪಾ, ನೀವು ಪುಕ್ಕಟೆ ಮಾಡುತ್ತೀರಿ ಎಂದು ನನ್ನನ್ನು ಛೇಡಿಸುತ್ತಿದ್ದಳು. ಮೇ ತಿಂಗಳಲ್ಲಿ ಅವಳ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು ಬಂದವು. ಪರೀಕ್ಷೆ ಮಾಡಿಸಿದರೆ ರಕ್ತದ ಕ್ಯಾನ್ಸರ್ ಎಂದರು. ಮೊದಲ ಸುತ್ತಿನ ಕೀಮೋ ಮುಗಿದಿದೆ. ಅದು ಕೆಟ್ಟ ಕಣಗಳ ಜೊತೆಗೆ ಮೈಯನ್ನು ಕಾಯುವ ಬಿಳಿ ಕಣಗಳನ್ನೂ ಗುಡಿಸಿ ಹಾಕಿದೆ. ಹೊಸವು ಹುಟ್ಟುವ ತನಕ ಜೋಪಾನ ಎಂದಿದ್ದರು. ಅಷ್ಟರಲ್ಲಿ ಜ್ವರ ಬಂತು. ಏನು ಆಂಟಿಬಯೋಟಿಕ್ ಹಾಕಿದರೂ ಇಳಿಯುತ್ತಿಲ್ಲ. ಇವತ್ತು ಸಿ.ಟಿ. ತೆಗೆದರು. ಬಲಗಡೆಯ ಶ್ವಾಸಕೋಶದಲ್ಲಿ ಒಂದು ಮಚ್ಚೆ ಇದೆ. ಒಬ್ಬ ಡಾಕ್ಟರು ನ್ಯುಮೋನಿಯಾ ಎಂದರು, ಇನ್ನೊಬ್ಬರು ಟಿಬಿ ಇರಬಹುದು ಎಂದರು. ನನ್ನ ಹೋಟೆಲಿನಲ್ಲಿ ಇಬ್ಬರು ಅಡುಗೆಯವರು ಒಂದೇ ಪಾತ್ರೆ ನೋಡಿ ಎರಡು ಹೆಸರು ಹೇಳಿದ್ದರೆ ಇಬ್ಬರನ್ನೂ ಊರಿನ ಬಸ್ಸು ಹತ್ತಿಸುತ್ತಿದ್ದೆ.

ರಾಜೀವಿ ಮನೆಯಿಂದ ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದಳು. ಮುಚ್ಚಳ ಸಡಿಲವಾಗಿ ಚೀಲವೆಲ್ಲ ಒದ್ದೆ. ಮದುವೆಯಾಗಿ ಇಷ್ಟು ವರ್ಷವಾಯಿತು, ನಿನಗೆ ಒಂದು ಮುಚ್ಚಳ ಹಾಕಲು ಬರುವುದಿಲ್ಲವೇ ಎಂದು ಕೇಳಿದೆ. ನೀವು ಹಾಕಿ ತೋರಿಸಿ ಎಂದಳು. ತಿರುಗಿಸಿ ನೋಡಿದರೆ ತಪ್ಪು ಮುಚ್ಚಳದ್ದೇ. ಅದನ್ನು ಅವಳಿಗೆ ಹೇಳಲಿಲ್ಲ.

ಜುಲೈ 6, ಶನಿವಾರ

ಸೋಂಕು ರೋಗದ ಡಾಕ್ಟರೊಬ್ಬರು ಬಂದರು, ನೀಲಿಮಾ ಎಂದು ಹೆಸರು. ತುಮಕೂರಿನ ಕಡೆಯವರು. ನಾನು ರಾಜೀವಿಗೆ ಬೈಯುವುದನ್ನು ಕೇಳಿಸಿಕೊಂಡು ಕನ್ನಡದಲ್ಲೇ ಮಾತು ಶುರು ಮಾಡಿದರು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಶ್ವಾಸಕೋಶದೊಳಗೆ ಸ್ವಲ್ಪ ನೀರು ಬಿಟ್ಟು, ಅದನ್ನು ಹಿಂದಕ್ಕೆ ಎಳೆದು ಪರೀಕ್ಷೆಗೆ ಕಳಿಸಬೇಕಂತೆ. ಪ್ಲೇಟ್‌ಲೆಟ್ ಕಡಿಮೆ ಇರುವುದರಿಂದ ಒಳಗೆ ರಕ್ತ ಸುರಿಯುವ ಅಪಾಯವೂ ಇದೆ. ಹಾಗಿದ್ದರೆ ಯಾಕೆ, ಒಂದು ಊಹೆ ಮಾಡಿ ಔಷಧಿ ಕೊಡಿ ಎಂದೆ.

"ಊಹೆ ಮೇಲೇ ಶುರು ಮಾಡಿದೀವಿ ಸರ್. ನನ್ನ ಡೌಟು ಫಂಗಸ್ ಮೇಲೆ. ಆದ್ರೆ ಟಿಬಿ ಅಂದ್ಕೊಂಡು ಟಿಬಿ ಔಷಧಿ ಕೊಟ್ರೆ, ಅದು ಫಂಗಸ್ ಔಷಧೀನ ಕೆಲಸ ಮಾಡಕ್ಕೇ ಬಿಡಲ್ಲ. ಯಾವುದು ಅಂತ ಗೊತ್ತಾಗ್ಲೇಬೇಕು."

ರಕ್ಷಿತ ಕಣ್ಣು ಮುಚ್ಚಿಕೊಂಡೇ, ತಪಾಸಣೆ ಮಾಡದೆ ಮಾಲು ಪಾಸು ಮಾಡುವುದು ಬೇಡ, ಮಾಡಲಿ ಎಂದಳು. ರಾಜೀವಿ ಹೊರಗೆ ಹೋಗಿ ಅತ್ತಳು. ಅತ್ತರೆ ಮಗುವಿಗೆ ಧೈರ್ಯ ಯಾರು ಕೊಡುತ್ತಾರೆ ಎಂದು ಅವಳನ್ನು ಗದರಿಸಿದೆ. ಆಮೇಲೆ ನಾನು ಕೆಳಗಿನ ಕ್ಯಾಂಟೀನಿಗೆ ಹೋಗಿ, ಅಲ್ಲಿನ ಉಪ್ಪಿಟ್ಟು ಎಷ್ಟು ಕೆಟ್ಟದಾಗಿದೆ ಎಂದು ಅದನ್ನು ಮಾಡಿದವನಿಗೆ ಮರಾಠಿಯಲ್ಲಿ ವಿವರಿಸಿ ಬಂದೆ.

ಜುಲೈ 9, ಮಂಗಳವಾರ

ಬೂಷ್ಟು.

ಬ್ರೆಡ್ಡಿನ ಮೇಲೆ, ಒಡೆದಿಟ್ಟ ತೆಂಗಿನಕಾಯಿಯ ಮೇಲೆ, ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ ಜಾತಿ. ಹೆಸರು ಆಸ್ಪರ್ಜಿಲಸ್. ನಾನು ಬಿಬವೇವಾಡಿಯಲ್ಲಿ ಹೋಟೆಲು ಇಟ್ಟಾಗಿನಿಂದ ಯಾವುದನ್ನು ಕಂಡ ತಕ್ಷಣ ಇಡೀ ಡಬ್ಬಿಯನ್ನೇ ಹೊರಗೆ ಎಸೆಯುತ್ತಾ ಬಂದಿದ್ದೇನೋ, ಅದು ನನ್ನ ಮಗಳ ಎದೆಯೊಳಗೆ ಬೆಳೆದಿದೆ. ನಮ್ಮ ಉಗ್ರಾಣದಿಂದ ಬಂತೇ, ಮನೆಯಿಂದ ಬಂತೇ ಎಂದು ಡಾಕ್ಟರನ್ನು ಕೇಳಿದೆ. ಅದು ಗಾಳಿಯಲ್ಲೇ ಇರುತ್ತದೆ, ಎಲ್ಲರೂ ದಿನವೂ ಉಸಿರಾಡುತ್ತೇವೆ, ನಿಮ್ಮ ಮೈ ನನ್ನ ಮೈ ಅದನ್ನು ತಳ್ಳಿಹಾಕುತ್ತದೆ, ಅವಳಿಗೆ ತಳ್ಳಲು ಕಣಗಳೇ ಇಲ್ಲ ಎಂದರು. ಎಲ್ಲಿಂದ ಬಂತು ಎಂದು ಹುಡುಕಬೇಡಿ ಎಂದೂ ಹೇಳಿದರು.

ಹುಡುಕದೆ ಇರಲು ನನಗೆ ಬರುವುದಿಲ್ಲ. ಮಾರ್ತಾಂಡನಿಗೆ ಫೋನು ಮಾಡಿ ಉಗ್ರಾಣವನ್ನೆಲ್ಲ ಹೊರಗೆ ಹಾಕಿ ತೊಳೆಯಲು ಹೇಳಿದೆ. ಮಳೆ ಬರುತ್ತಿದೆ ಎಂದ. ಬರಲಿ ಎಂದೆ.

ಜುಲೈ 13, ಶನಿವಾರ

ಔಷಧಿಯನ್ನು ಸಲೈನಿನ ಮೂಲಕ ಕೊಡುತ್ತಿದ್ದಾರೆ. ಅದು ಒಳಗೆ ಹೋದ ಮೇಲೆ ರಕ್ಷಿತಳಿಗೆ ಗೋಡೆಯ ಮೇಲೆ ಬಣ್ಣಗಳು ಕಾಣುತ್ತವೆ. ಹಸಿರು, ಹಳದಿ, ಅಲುಗಾಡುವ ಗೆರೆಗಳು. ಅಕ್ಷರ ಓದಲು ಹೋದರೆ ಮಂಜು. ನಾವಿಬ್ಬರೂ ಹೆದರಿದೆವು. ಈ ಔಷಧಿಗೆ ಅದು ಮಾಮೂಲು ಎಂದರು ನೀಲಿಮಾ ಡಾಕ್ಟರು. ಅಪ್ಪಾ ನಿಮ್ಮ ತಲೆಯ ಸುತ್ತ ದೇವರಿಗೆ ಇರುವ ಹಾಗೆ ಬೆಳಕು ಉಂಟು, ನಿಮಗೆ ಸ್ವಲ್ಪವೂ ಒಪ್ಪುವುದಿಲ್ಲ ಎಂದಳು ಇವಳು. ಜ್ವರ ಇಳಿದಿದೆ.

ಜುಲೈ 22, ಸೋಮವಾರ

ಮನೆಗೆ ಬಂದೆವು. ಮಚ್ಚೆ ಕುಗ್ಗಿದೆ. ಮೂಳೆಯೊಳಗಿನ ಮಜ್ಜೆಯನ್ನು ಪರೀಕ್ಷಿಸಿದರು, ಸದ್ಯಕ್ಕೆ ಕ್ಯಾನ್ಸರ್ ಕಣ ಕಾಣುವುದಿಲ್ಲವಂತೆ. ಆದರೆ ಮುಂದಿನ ಕೀಮೋ ಆಗಲೇಬೇಕು, ಇಲ್ಲದಿದ್ದರೆ ಅದು ಮರಳಿ ಬರುತ್ತದೆ. ಶ್ವಾಸಕೋಶ ಸರಿಯಾಗದೆ ಆ ಕೀಮೋ ಕೊಡುವ ಹಾಗಿಲ್ಲ. ಅಷ್ಟರವರೆಗೆ ಬೂಷ್ಟಿನ ಔಷಧಿಯನ್ನು ಮಾತ್ರೆಯಲ್ಲಿ ತೆಗೆದುಕೊಳ್ಳಬೇಕು. ಹೊರಡುವ ಗಡಿಬಿಡಿಯಲ್ಲಿ ನರ್ಸು ರಾಜೀವಿಯನ್ನು ಕೂರಿಸಿಕೊಂಡು ಮಾತ್ರೆಗಳನ್ನು ಒಂದೊಂದಾಗಿ ವಿವರಿಸಿದಳು. ನಾನು ಆಗ ಲಿಫ್ಟಿನವನ ಜೊತೆ ಜಗಳದಲ್ಲಿದ್ದೆ. ಗಾಲಿಕುರ್ಚಿ ಒಳಗೆ ಬರುವ ಮೊದಲೇ ಬಾಗಿಲು ಮುಚ್ಚುವುದಕ್ಕೆ ಅವನಿಗೆ ಏನು ಅವಸರ?

ಬೂಷ್ಟಿನ ಭಯಕ್ಕೆ ಮನೆಯಲ್ಲಿ ಹೂವಿಲ್ಲ, ಕುಂಡಗಳಿಲ್ಲ, ಹಸಿ ತರಕಾರಿ ಇಲ್ಲ. ದೇವರ ಕೋಣೆಯೂ ಬೋಳು. ನೆಲವನ್ನು ನಾನೇ ಒರೆಸಿದೆ. ರಾಜೀವಿ ಒರೆಸಿದರೆ ಮೂಲೆ ಬಿಡುತ್ತಾಳೆ.

ಜುಲೈ 28, ಭಾನುವಾರ

ಒಳ್ಳೆಯ ದಿನ. ರಕ್ಷಿತ ತಟ್ಟೆ ಖಾಲಿ ಮಾಡಿದಳು. ರಾಜೀವಿ ಕುಚ್ಚಲಕ್ಕಿ ಗಂಜಿಗೆ ಎರಡು ಚಮಚ ತುಪ್ಪ ಹಾಕಿ ಕೈಯಾರೆ ಉಣಿಸಿ, ಬಾಯಿ ಒರೆಸಿ, ಆ ಮೇಲೆ ಮಾತ್ರೆ ಕೊಡುತ್ತಾಳೆ. ಬೆಳಿಗ್ಗೆಯೂ ಹಾಗೆ, ಸಂಜೆಯೂ ಹಾಗೆ. ನಮ್ಮ ಮನೆಯಲ್ಲಿ ಬರಿಹೊಟ್ಟೆಗೆ ಯಾರಿಗೂ ಮಾತ್ರೆ ಕೊಟ್ಟ ಕ್ರಮವಿಲ್ಲ. ನನ್ನ ಅಮ್ಮ ಜ್ವರದ ಮಾತ್ರೆಯ ಮೊದಲು ಎರಡು ತುತ್ತಾದರೂ ಅನ್ನ ತುರುಕುತ್ತಿದ್ದಳು. ಹೋಟೆಲಿನ ಹುಡುಗರಿಗೆ ತಲೆನೋವೆಂದರೂ ಮೊದಲು ಇಡ್ಲಿ, ಆಮೇಲೆ ಮಾತ್ರೆ. ಹೊಟ್ಟೆ ತಣ್ಣಗಿದ್ದರೆ ಔಷಧಿ ಮೈಗೆ ಹಿಡಿಯುತ್ತದೆ.

ತುಪ್ಪ ಸ್ವಲ್ಪ ಹೊತ್ತಿದೆ ಎಂದು ರಾಜೀವಿಗೆ ಹೇಳಿದೆ. ನಿಮ್ಮ ಮೂಗು ಹೊತ್ತಿದೆ ಎಂದಳು. ರಕ್ಷಿತ ನಕ್ಕಳು, ಕೆಮ್ಮು ಬರಲಿಲ್ಲ. ಗೋಡೆಯ ಬಣ್ಣಗಳೂ ನಿಂತುಹೋಗಿವೆಯಂತೆ, ಈಗ ಏನೂ ಕಾಣುವುದಿಲ್ಲವಂತೆ. ಗುಣವಾಗುತ್ತಿದೆ ಎಂದು ನಾವು ಮೂವರೂ ಸಂತೋಷಪಟ್ಟೆವು.

ಆಗಸ್ಟ್ 9, ಶುಕ್ರವಾರ

ಬೆಳಿಗ್ಗೆ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ. ಮೊದಲು ರಕ್ಷಿತಳೇ ನೋಡಿ, ಮಡಚಿ, ದಿಂಬಿನ ಅಡಿಗೆ ಇಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಜ್ವರ. ಮತ್ತೆ ಅದೇ ಆಸ್ಪತ್ರೆ, ಅದೇ ಲಿಫ್ಟು.

ಮಚ್ಚೆ ಬೆಳೆದಿದೆ. ಪಕ್ಕದಲ್ಲಿ ಇನ್ನೊಂದು ಬಂದಿದೆ. ಎಡಗಡೆಯೂ ಸಣ್ಣದೊಂದು. ಔಷಧಿ ತೆಗೆದುಕೊಳ್ಳುತ್ತಿರುವಾಗಲೇ ಇದು ಹೇಗೆ ಎಂದು ಕೇಳಿದೆ. ಅದನ್ನೇ ನೋಡಬೇಕು ಎಂದರು ನೀಲಿಮಾ ಡಾಕ್ಟರು. ಔಷಧಿ ರಕ್ತದಲ್ಲಿ ಎಷ್ಟು ಇದೆ ಎಂದು ತಿಳಿಯುವ ಪರೀಕ್ಷೆಗೆ ರಕ್ತ ತೆಗೆದಿದ್ದಾರೆ. ಮೊದಲ ಸಲ ಇಲ್ಲಿದ್ದಾಗ ಅದು ಸರಿಯಾಗಿತ್ತು.

ಆಗಸ್ಟ್ 12, ಸೋಮವಾರ

ನೀಲಿಮಾ ಡಾಕ್ಟರು ನನ್ನೊಬ್ಬನನ್ನೇ ತಮ್ಮ ಕೋಣೆಗೆ ಕರೆದರು. ರಕ್ತದಲ್ಲಿ ಔಷಧಿ ಇಲ್ಲದ ಹಾಗೆಯೇ ಇದೆ ಎಂದರು. ಮಾತ್ರೆ ತಪ್ಪಿತ್ತೇ ಎಂದು ಕೇಳಿದರು. ಒಂದೂ ತಪ್ಪಿಲ್ಲ, ರಾಜೀವಿ ಅಂಥದ್ದರಲ್ಲಿ ತಪ್ಪುವವಳಲ್ಲ ಎಂದು ಜೋರಾಗಿಯೇ ಹೇಳಿದೆ.

"ಊಟದ ಜೊತೆ ಕೊಟ್ರಾ ಸರ್?"

ಗಂಜಿ ಉಣಿಸಿ ಕೊಟ್ಟೆವು ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಈ ಮಾತ್ರೆ ಖಾಲಿ ಹೊಟ್ಟೇಲೇ ತಗೋಬೇಕು. ಊಟ ಇದ್ರೆ, ಅದ್ರಲ್ಲೂ ತುಪ್ಪ ಎಣ್ಣೆ ಇದ್ರೆ, ರಕ್ತಕ್ಕೆ ಸರಿಯಾಗಿ ಸೇರಲ್ಲ. ಡಿಸ್ಚಾರ್ಜ್ ದಿನ ಸಿಸ್ಟರ್ ನಿಮ್ಮ ಮೇಡಂಗೆ ಹೇಳಿದಾರೆ, ನಾನು ಅವ್ರನ್ನ ಕೇಳ್ದೆ." ಪೆನ್ನನ್ನು ಮತ್ತೆ ಎತ್ತಿಕೊಂಡು ಹೇಳಿದರು. "ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಕೆಲವರ ಲಿವರ್ ಇದನ್ನ ಬೇಗ ಕರಗಿಸಿಬಿಡುತ್ತೆ. ಎಷ್ಟು ಪಾಲು ಯಾವುದರದ್ದು ಅಂತ ಯಾರಿಗೂ ಗೊತ್ತಾಗಲ್ಲ."

ಇದನ್ನು ನನ್ನ ಹೆಂಡತಿಯ ಮುಂದೆ ಹೇಳಬೇಡಿ ಎಂದು ಕೇಳಿಕೊಂಡೆ. ಈಗ ಮತ್ತೆ ಸಲೈನಿನಲ್ಲೇ ಕೊಡುವುದರಿಂದ ಹೇಳುವ ಅಗತ್ಯವಿಲ್ಲ ಎಂದು ಅವರು ಒಪ್ಪಿದರು.

ಕೋಣೆಯಿಂದ ಹೊರಗೆ ಬಂದೆ. ನರ್ಸು ಹೇಳಿದ್ದಳು. ಹೇಳಿದ್ದರೂ ಇವಳು ತನಗೆ ತಿಳಿದ ಹಾಗೆ ಮಾಡಿದಳು. ವಾರ್ಡಿಗೆ ಹೋಗಿ ಎಲ್ಲರ ಮುಂದೆ ಕೇಳುತ್ತೇನೆ ಎಂದುಕೊಂಡೇ ನಡೆದೆ. ರಾಜೀವಿ ನಲ್ಲಿಯ ಹತ್ತಿರ ಫ್ಲಾಸ್ಕು ತೊಳೆಯುತ್ತಿದ್ದಳು. ನನ್ನನ್ನು ನೋಡಿ, ರಕ್ಷಿತ ಇವತ್ತು ನಾಲ್ಕು ಚಮಚ ಗಂಜಿ ಕುಡಿದಳು ಎಂದಳು. ಒಳ್ಳೆಯದಾಯಿತು ಎಂದೆ.

ಆಗಸ್ಟ್ 13, ಮಂಗಳವಾರ

ರಾಜೀವಿ ತಂದ ಕಾಫಿ ತಣ್ಣಗಿತ್ತು. ಕುಡಿದೆ.

ಆಗಸ್ಟ್ 20, ಮಂಗಳವಾರ

ಇನ್ನೊಂದು ಔಷಧಿಯನ್ನೂ ಸೇರಿಸಿದ್ದಾರೆ. ಅದು ಹಳೆಯ ಕಾಲದ ಬಲವಾದ ಔಷಧಿಯಂತೆ. ಡ್ರಿಪ್ ಶುರುವಾದರೆ ಮಂಚ ಅಲುಗಾಡುವಷ್ಟು ಚಳಿ ಹತ್ತುತ್ತದೆ. ನಾವಿಬ್ಬರೂ ಎರಡು ಕಡೆಯಿಂದ ಹಿಡಿದುಕೊಳ್ಳುತ್ತೇವೆ. ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದು ಇವತ್ತು ಪ್ರಮಾಣ ತಗ್ಗಿಸಿದರು. ತಗ್ಗಿಸಿದರೆ ಬೂಷ್ಟು ಹೆಚ್ಚುತ್ತದೆ, ತಗ್ಗಿಸದಿದ್ದರೆ ಮೂತ್ರಪಿಂಡ ಹೋಗುತ್ತದೆ. ಕೀಮೋದ ದಿನ ಯಾವಾಗಲೋ ದಾಟಿದೆ.

ರಾಜೀವಿ ಹಾಲಿನ ಪಾತ್ರೆಯನ್ನು ನನ್ನ ಶರ್ಟಿನ ಮೇಲೆ ಚೆಲ್ಲಿದಳು. ಪರವಾಗಿಲ್ಲ ಎಂದೆ. ರಕ್ಷಿತ ನನ್ನನ್ನೇ ಬಹಳ ಹೊತ್ತು ನೋಡಿದಳು. ಅಮ್ಮ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು.

"ಅಪ್ಪಾ, ಅಮ್ಮನ ಹತ್ರ ಸ್ವಲ್ಪ ಜಗಳ ಮಾಡಿ. ನೀವು ಹೀಗೆ ಒಳ್ಳೆಯವರಾದ್ರೆ ನನಗೆ ಹೆದರಿಕೆ ಆಗ್ತದೆ."

ನಾಳೆ ಮಾಡುತ್ತೇನೆ ಎಂದೆ. ಇವಳು ಯಾವಾಗಲೂ ಏನಾದರೂ ಒಂದು ಹುಡುಕಿ ತೆಗೆಯುತ್ತಾಳೆ. ನಾನು ಮೊದಲಿನ ಹಾಗೆಯೇ ಇದ್ದೇನೆ. ಸಂಜೆಯೇ ಮಾರ್ತಾಂಡನಿಗೆ ಫೋನಿನಲ್ಲಿ ಚೆನ್ನಾಗಿ ಉಗಿದೆ. ಚಟ್ನಿಗೆ ನಿನ್ನೆಯ ಕಾಯಿ ಹಾಕಿದ್ದನಂತೆ, ಗಿರಾಕಿಯೊಬ್ಬರು ಹೇಳಿದರು.

ಆಗಸ್ಟ್ 27, ಮಂಗಳವಾರ

ರಕ್ತದಲ್ಲಿ ಕ್ಯಾನ್ಸರ್ ಕಣಗಳು ಮತ್ತೆ ಕಾಣಿಸಿವೆ.

ಕೀಮೋ ಕೊಟ್ಟರೆ ಉಳಿದ ಬಿಳಿ ಕಣಗಳೂ ಹೋಗಿ ಬೂಷ್ಟಿಗೆ ಬಾಗಿಲು ತೆಗೆದಂತೆ. ಕೊಡದಿದ್ದರೆ ಕ್ಯಾನ್ಸರ್. ಕ್ಯಾನ್ಸರಿನ ಡಾಕ್ಟರು, ನೀಲಿಮಾ ಡಾಕ್ಟರು ಇಬ್ಬರೂ ನನ್ನ ಮುಂದೆ ಕೂತಿದ್ದರು. ಈ ಸಲ ಇಬ್ಬರೂ ಒಂದೇ ಮಾತು ಹೇಳಿದರು. ಎರಡು ಬೇರೆ ಮಾತು ಹೇಳಲಿ ಎಂದು ನಾನು ಕಾದೆ.

ರಾಜೀವಿ ಏನು ಹೇಳಿದರು ಎಂದು ಕೇಳಿದಳು. ನೋಡುವ ಅಂದರು ಎಂದೆ. ಅವಳು ಗಂಜಿಯನ್ನು ಇನ್ನೂ ತೆಳ್ಳಗೆ ಮಾಡಿ ತರುತ್ತೇನೆ ಎಂದಳು. ತಾ ಎಂದೆ.

ಸೆಪ್ಟೆಂಬರ್ 2, ಸೋಮವಾರ

ಬೆಳಿಗ್ಗೆ ಲೋಟ ಹಿಡಿಯಲು ಹೋದರೆ ರಕ್ಷಿತಳ ಎಡಗೈ ಏಳಲಿಲ್ಲ. ತಲೆಯ ಸ್ಕ್ಯಾನು ಮಾಡಿದರು. ಬೂಷ್ಟು ಅಲ್ಲಿಗೂ ಹೋಗಿದೆ.

ರಕ್ಷಿತ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಮಾತು ಸ್ವಲ್ಪ ತೊದಲುತ್ತದೆ, ಬುದ್ಧಿ ಸರಿಯಾಗಿಯೇ ಇದೆ. ತಿರಸ್ಕಾರವಾದ ಮಾಲನ್ನು ಎಷ್ಟು ಸಲ ಪರೀಕ್ಷೆ ಮಾಡಿದರೂ ಅಷ್ಟೇ ಅಪ್ಪಾ, ಸೂಜಿ ಸಾಕು ಎಂದು ಹೇಳಿ ಎಂದಳು. ಹಾಗೆಲ್ಲ ಮಾತಾಡಬಾರದು ಎಂದೆ. ಹಾಗಾದರೆ ಗುಣವಾಗುತ್ತದೆ ಎಂದು ನನ್ನ ಮುಖ ನೋಡಿ ಹೇಳಿ ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಎದುರಿನ ಕಟ್ಟಡದಲ್ಲಿ ಯಾರೋ ಬಟ್ಟೆ ಒಣಗಲು ಹಾಕುತ್ತಿದ್ದರು, ಈ ಮಳೆಯಲ್ಲಿ.

ನಮ್ಮಿಬ್ಬರಿಗೂ ಅವಳು ಬೇಕು. ನನಗೆ ಅವಳಿಲ್ಲದೆ ಇರಲು ಗೊತ್ತಿಲ್ಲ. ಇದನ್ನು ಯಾರಿಗೆ ದೂರು ಹೇಳಲಿ?

ಸೆಪ್ಟೆಂಬರ್ 7, ಶನಿವಾರ

ಚೌತಿ. ಬೀದಿಯಿಂದ ಡೋಲು ತಾಸೆಯ ಸದ್ದು ವಾರ್ಡಿನ ತನಕ ಬರುತ್ತಿದೆ. ಕಾವಲಿನವನಿಗೆ ಬೈದೆ, ಅವನೇನು ಮಾಡುತ್ತಾನೆ ಪಾಪ. ರಕ್ಷಿತ ಕಣ್ಣು ತೆರೆಯಲಿಲ್ಲ. ಈಗ ನೋವಿನ ಔಷಧಿ ಮಾತ್ರ ಕೊಡುತ್ತಿದ್ದಾರೆ. ರಾಜೀವಿ ಅವಳ ತುಟಿಗೆ ಹತ್ತಿಯಲ್ಲಿ ನೀರು ಒತ್ತಿದಳು. ಗಂಜಿಯ ತಿಳಿ ಒಂದು ಹನಿ ಕೊಡಬಹುದೇ ಎಂದು ನನ್ನನ್ನು ಕೇಳಿದಳು. ಕೊಡು ಎಂದೆ.

ಸೆಪ್ಟೆಂಬರ್ 11, ಬುಧವಾರ

ರಕ್ಷಿತ ನಿನ್ನೆ ಬೆಳಿಗ್ಗೆ ಹೋದಳು.

ಸೆಪ್ಟೆಂಬರ್ 29, ಭಾನುವಾರ

ಉತ್ತರಕ್ರಿಯೆಗೆ ಊರಿನಿಂದ ಬಂದವರೆಲ್ಲ ಹೊರಟುಹೋದರು. ಹೋಟೆಲಿಗೆ ಇನ್ನೂ ಹೋಗಿಲ್ಲ, ಮಾರ್ತಾಂಡ ನೋಡಿಕೊಳ್ಳುತ್ತಾನೆ. ಮಧ್ಯಾಹ್ನ ಊಟಕ್ಕೆ ನಾವಿಬ್ಬರೇ. ಅನ್ನ, ಸಾರು, ಹಪ್ಪಳ. ಎರಡನೇ ಸಲ ಸಾರು ಬಡಿಸಲು ಬಂದ ರಾಜೀವಿ ಬಡಿಸದೆ ಸೌಟು ಹಿಡಿದುಕೊಂಡು ಹಾಗೆಯೇ ನಿಂತಳು.

"ಸಾರು ಹೇಗುಂಟು?"

ಒಳ್ಳೆಯದುಂಟು ಎಂದೆ.

"ಅದಕ್ಕೆ ಉಪ್ಪೇ ಹಾಕ್ಲಿಲ್ಲ ನಾನು. ನಿನ್ನೆಯೂ ಹಾಕ್ಲಿಲ್ಲ."

ಗೊತ್ತಾಗಿತ್ತು. ನಿನ್ನೆಯೂ ಗೊತ್ತಾಗಿತ್ತು. ಹೇಳಿರಲಿಲ್ಲ ಅಷ್ಟೇ.

"ಎರಡನೇ ಸಲ ಆಸ್ಪತ್ರೆಗೆ ಹೋದಲ್ಲಿಂದ ನೀವು ನನಗೆ ಒಂದು ಮಾತು ಬೈಲಿಲ್ಲ," ಎಂದಳು. ಧ್ವನಿ ಏರಿಸಲಿಲ್ಲ. "ಮೊದಲು ದುಃಖಕ್ಕೆ ಅಂತ ತಿಳ್ಕೊಂಡೆ. ಆದ್ರೆ ಮಾರ್ತಾಂಡನಿಗೆ ಬೈದ್ರಿ. ಕಾವಲಿನವನಿಗೆ ಬೈದ್ರಿ. ಕ್ರಿಯೆಯ ದಿವಸ ಭಟ್ಟರಿಗೂ ಬೈದ್ರಿ. ನನಗೊಬ್ಬಳಿಗೆ ಇಲ್ಲ. ನಾನು ಎಂತ ಮಾಡಿದೆ, ಹೇಳಿ."

ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಅದು ಸಾಲದು ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಮೊದಲಿನ ಹಾಗೆ ಒಂದು ಸಲ ಬೈದುಬಿಟ್ಟರೆ ಅವಳಿಗೆ ಸಮಾಧಾನವಾದೀತು ಎಂದುಕೊಂಡೆ. ತಟ್ಟೆಯನ್ನು ಮುಂದಕ್ಕೆ ತಳ್ಳಿ, ಉಪ್ಪಿಲ್ಲದ ಸಾರು ಮನುಷ್ಯರು ತಿನ್ನುತ್ತಾರೆಯೇ, ಹೋಟೆಲಿನವನ ಹೆಂಡತಿಯಾಗಿ ಇಷ್ಟೂ ಗೊತ್ತಾಗುವುದಿಲ್ಲವೇ ಎಂದು ಜೋರು ಮಾಡಿದೆ. ಕೊನೆಯ ಮಾತು ಮುಗಿಯುವ ಮೊದಲೇ ಧ್ವನಿ ಒಡೆದುಹೋಯಿತು. ಅವಳು ನನ್ನನ್ನು ನೋಡುತ್ತಲೇ ಇದ್ದಳು.

"ಗಂಜಿಯಾ?"

ಅಲ್ಲ ಎಂದೆ. ಆದರೆ ಹೇಳುವ ಮೊದಲು ಒಂದು ಕ್ಷಣ ತಡವಾಯಿತು. ಅಷ್ಟರಲ್ಲಿ ಅವಳು ಸೌಟನ್ನು ಸಾರಿನ ಪಾತ್ರೆಯೊಳಗೆ ಮೆಲ್ಲಗೆ ಇಟ್ಟು, ನನ್ನ ಎದುರಿಗೆ ನೆಲದ ಮೇಲೆ ಕೂತುಬಿಟ್ಟಿದ್ದಳು.